ಮೂರನೇ ಕಂತು

ಗ್ಲಾಸ್ಗೋದ ನಮ್ಮ ಬೀದಿಗೆ ಮೊನ್ನೆ
ನ್ಯೂಯಾರ್ಕ್ ಎಂದು ಬೋರ್ಡು ಬಿತ್ತು.
ಹಳದಿ ಟ್ಯಾಕ್ಸಿಗಳು ಬಂದವು. ಜೂನ್ ತಿಂಗಳಲ್ಲಿ
ಹಿಮ, ಕಾಗದದ್ದು. ಫರ್ಗಸ್‌ನ ಮೀನಂಗಡಿ
ರಾತ್ರೋರಾತ್ರಿ ಬ್ಯಾಂಕಾಯಿತು,
ಒಳಗಿನ್ನೂ ಮೀನಿನದೇ ವಾಸನೆ.

ನೈಟ್ ಡ್ಯೂಟಿ ಮುಗಿಸಿದವಳು ನಾನು, ಸೆಂಗಾ,
ಆಸ್ಪತ್ರೆಯ ಚಪ್ಪಲಿಯಲ್ಲೇ ಐದು ಗಂಟೆ ನಿಂತೆ.
ಬಂದ.
ಟೀವಿಯಲ್ಲಿ ಆಜಾನುಬಾಹು,
ಇಲ್ಲಿ ನನ್ನ ಹೆಗಲಿಗೆ ಬಂದರೆ ಹೆಚ್ಚು.
ಕೊಡೆ ಹಿಡಿದ ಹುಡುಗಿ ಮಾತ್ರ ತೊಯ್ದು ತೊಪ್ಪೆ.

ಹಿಮ ಮೂಗಿಗೆ ಹೋಗಿ ಸೀನಿದ.
'ದೇವರು ಕಾಯಲಿ' ಎಂದೆ, ಬಾಯಿತಪ್ಪಿ.
ತಿರುಗಿ ನೋಡಿದ,
ನನ್ನನ್ನೋ, ಹಿಂದಿದ್ದ ಬಸ್ಸನ್ನೋ.

ಚಳಿಗಾಲಕ್ಕೆ ಧಾರಾವಾಹಿ ಬಂತು.
ಹನ್ನೊಂದನೇ ನಿಮಿಷ, ಗುಂಪಿನಂಚಿನಲ್ಲಿ
ನೀಲಿ ಚೀಲ, ಒಂದು ಮೊಣಕೈ.
ನಿಲ್ಲಿಸಿ ತೋರಿಸಿದೆ.
'ಯಾರದೋ' ಎಂದ ಗಂಡ,
ಮೂವತ್ತು ವರ್ಷ ಅದೇ ಮೊಣಕೈಯಿಂದ
ತಿವಿಸಿಕೊಂಡು ಗೊರಕೆ ನಿಲ್ಲಿಸಿದವನು.