ಡಮ್ಮಿ ಬಿಲ್ಲೆ

ಗುತ್ತಲು ರಸ್ತೆಯ ನನ್ನ ಶೆಡ್ಡಿಗೆ
ಆ ಲಾರಿ ಬಂದದ್ದು ಏದುಸಿರು ಬಿಡುತ್ತ.
ಮುಂದಿನ ಗಾಜಿಗಿನ್ನೂ ಬೇರೆ ಸೀಮೆಯ ಕೆಸರು,
ಟಾರ್ಪಾಲಿನ ಮಡಿಕೆಯಲ್ಲಿ
ಹೋಗುವಾಗ ಹೇರಿದ್ದ ಬೆಲ್ಲದ ಪುಡಿ,
ಬರುವಾಗ ತಂದ ಸೇಬಿನ ಪೆಟ್ಟಿಗೆಯ ಒಣಹುಲ್ಲು.

"ನೀರು ಕುಡೀತದೆ ಕಣಣ್ಣ," ಅಂದ ಕೆಂಪಾಜಿ.
"ರಾತ್ರಿ ತುಂಬಿದ್ದು ಬೆಳಿಗ್ಗೀಕಿಲ್ಲ.
ಶೋಪಿಯಾನಿಂದ ಇಲ್ಲೀಗಂಟ ಹುಯ್ದೂ ಹುಯ್ದೂ
ಕೈ ಬಿದ್ದೋದೊ. ಎಲ್ಲಿಗೋಯ್ತದೋ ಮಾದಪ್ಪನೇ ಬಲ್ಲ."
ಅವನ ಹಿಂದೆ ಕ್ಲೀನರು, ಮೀಸೆ ಈಗಷ್ಟೇ ಚಿಗುರಿದವನು,
ಮಂಡ್ಯದ ಮಟಮಟ ಮಧ್ಯಾಹ್ನದಲ್ಲಿ
ಕತ್ತಿನವರೆಗೂ ಉಣ್ಣೆಯ ಸ್ವೆಟರು.
ನೋಡಿದೆ. ಕೇಳಲಿಲ್ಲ.

ಹುಡುಕುವುದಕ್ಕೂ ಒಂದು ಮರ್ಯಾದೆಯಿದೆ.
ಮೊದಲು ಮೇಲಿಂದ: ರೇಡಿಯೇಟರಿನ ಮುಚ್ಚಳ, ಅದರ ರಬ್ಬರು.
ಆಮೇಲೆ ಹೋಸುಗಳು, ಒಂದೊಂದನ್ನೂ ಮೆಲ್ಲಗೆ ಹಿಂಡಿ,
ಒದೆಯುವ ಹಸುವಿನ ಕೆಚ್ಚಲು ಮುಟ್ಟುವ ಹಾಗೆ.
ಕ್ಲಿಪ್ಪು, ವಾಟರ್ ಪಂಪು,
ಹೀಟರಿಗೆ ಹೋಗುವ, ಯಾರಿಗೂ ನೆನಪಾಗದ ಸಣ್ಣ ಕೊಳವೆ.
ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಎಣ್ಣೆಯಾಗಿಯೇ ಇತ್ತು,
ಹಾಲು ಬೆರೆತ ಟೀ ಆಗಿರಲಿಲ್ಲ. ಒಂದು ಭಯ ಕಳೆಯಿತು.
ಹೊಗೆ ಬೆಳ್ಳಗಿರಲಿಲ್ಲ. ಇನ್ನೊಂದು ಕಳೆಯಿತು.
ಪಂಪು ಹಚ್ಚಿ ಗಾಳಿ ಒತ್ತಿದೆ; ಮುಳ್ಳು ಹದಿನೈದಕ್ಕೇರಿ
ಅಲ್ಲೇ ಕೂತಿತು, ಹಟಮಾರಿ ಮೇಷ್ಟ್ರ ಹಾಗೆ.
ಸೋರಲಿಲ್ಲ ಒಂದು ತೊಟ್ಟೂ.

ಮೂರು ಗಂಟೆ ಹೋಯಿತು. ಸೋತೆ.
ಆಗ ನೆನಪಾದರು ಬಾಬಾಜಾನ್ ಉಸ್ತಾದರು:
"ಬಿಸಿ ಇಂಜಿನ್ ಸುಳ್ಳು ಹೇಳುತ್ತೆ ಬೇಟಾ,
ಕಬ್ಬಿಣ ಉಬ್ಬಿ ಬಾಯಿ ಮುಚ್ಕೊಳ್ಳುತ್ತೆ.
ತಣ್ಣಗಾಗಲಿ. ತಣ್ಣಗಾದ ಮೇಲೆ
ಯಾರೂ ಹೆಚ್ಚು ಹೊತ್ತು ಸುಮ್ಮನಿರಲ್ಲ."

ಶೆಡ್ಡಲ್ಲೇ ಮಲಗಿದೆವು ಮೂವರೂ.
ಡಿಸೆಂಬರಿನ ಚಳಿ, ನಮ್ಮ ಮಟ್ಟಿಗೆ ಚಳಿಯೇ.
ಕೆಂಪಾಜಿ ನಕ್ಕ: "ಇದೊಂದು ಚಳಿಯಾ?
ಅಲ್ಲಿ ಡೀಸೆಲ್ಲೇ ಗಸಿಯಾಗೋಯ್ತು.
ಉಚ್ಚೆ ಹುಯ್ದರೆ ನೆಲ ಮುಟ್ಟೋಕ್ ಮುಂಚೆ ಯೋಚ್ನೆ ಮಾಡ್ತದೆ."
ಹುಡುಗ ನಗಲಿಲ್ಲ. ಬೆರಳುಗಳನ್ನು
ತೋಳಿನೊಳಕ್ಕೆ ಎಳೆದುಕೊಂಡ.
ಎರಡರ ಉಗುರು ಕಪ್ಪಾಗಿದ್ದವು.

ಬೆಳಗಿನ ಐದು. ಟಾರ್ಚು ಕಚ್ಚಿಕೊಂಡು
ಅಡಿಗೆ ತೂರಿ, ನನ್ನ ಗಡ್ಡದ ಕನ್ನಡಿಯನ್ನು
ಸ್ಟಾರ್ಟರ್ ಮೋಟಾರಿನ ಬೆನ್ನಿಗೆ ಹಿಡಿದೆ.
ಅಲ್ಲಿತ್ತು.
ಕುಂಕುಮದ ಬಟ್ಟಲಿನಷ್ಟು ತಗಡಿನ ಬಿಲ್ಲೆ
ಕೂದಲೆಳೆಯಷ್ಟು ಓರೆಯಾಗಿ ಹೊರಗೆ ಸರಿದು,
ಅಂಚಿನಲ್ಲೊಂದು ಹನಿ, ಬೀಳಲೋ ಬೇಡವೋ ಎಂದು.
ಬಿತ್ತು, ನನ್ನ ಕೆನ್ನೆಗೆ.

ನೀರು ಮಂಜುಗಡ್ಡೆಯಾದರೆ ಹಿಗ್ಗುತ್ತದೆ,
ಗೋಡೆ ಸೀಳುವ ಮುಂಚೆ ಈ ಬಿಲ್ಲೆಯನ್ನು ನೂಕುತ್ತದೆ.
ಅದಕ್ಕೇ ಅದನ್ನಿಟ್ಟದ್ದು ಅನ್ನುತ್ತಾರೆ ಕೆಲವರು.
ಅಲ್ಲ. ಎರಕದ ಮರಳು ತೆಗೆಯಲು ಬಿಟ್ಟ ತೂತದು,
ಮುಚ್ಚಬೇಕಿತ್ತು, ಮುಚ್ಚಿದರು.
ಆದರೂ ಇಂಥ ರಾತ್ರಿಗಳಲ್ಲಿ ಕಾಯುತ್ತದೆ, ಒಮ್ಮೊಮ್ಮೆ.

ಹನಿಯನ್ನು ಬೆರಳಲ್ಲಿ ಉಜ್ಜಿದೆ. ಜಾರಲಿಲ್ಲ. ಹಸಿರಿಲ್ಲ.
ತುಕ್ಕು, ಸುಣ್ಣ. ಬರೀ ನೀರು.
"ಹೋಗುವಾಗ ಕೂಲೆಂಟ್ ಹಾಕಿಸಿದ್ಯಾ?"
"ಓನರ್ರು ದುಡ್ ಕೊಟ್ಟಿದ್ರು."
ನಾನು ಕೇಳಿದ್ದು ಅದನ್ನಲ್ಲ.
ಅವನ ಕಣ್ಣು ಹುಡುಗನ ಕಡೆ ಹೋಗಿ ಬಂತು.
"ಒಂದಂಗೀಲಿ ಬಂದ್ಬುಟ್ಟಿದ್ದ. ಪಠಾಣ್‌ಕೋಟ್‌ನಲ್ಲಿ
ಹಲ್ಲು ಕಟಕಟ ಅಂತಿದ್ವು.
ಇಂಜಿನ್ನು ಹಲ್ಲು ಕಡಿಯಾಕಿಲ್ವಲ್ಲಣ್ಣ."

ಹಳೆ ಬಿಲ್ಲೆ ಮಗುಚಿ ತೆಗೆದು
ಹಿತ್ತಾಳೆಯದೊಂದು ಬಡಿದು ಕೂರಿಸಿದೆ.
ಕೂಲೆಂಟನ್ನು ಹುಡುಗನೇ ಹೊಯ್ದ, ಚೆಲ್ಲದೆ.
ಒಂಬತ್ತಕ್ಕೆ ಓನರ್ ಫೋನು: "ಏನಂತೆ?"
"ಬಿಲ್ಲೆಗೆ ತುಕ್ಕು ಹಿಡಿದಿತ್ತು ಗೌಡ್ರೇ, ಹಳೇ ಗಾಡಿ."
ತುಕ್ಕಂತೂ ಇತ್ತು.

ಬ್ಲಾಕಿನೊಳಗೆ ಕಾಣದ ಬಿರುಕಿದ್ದರೆ ನಾನರಿಯೆ.
ಕೆಂಪಾಜಿಗೆ ಹೇಳಿದೆ: ಎಲ್ಲೇ ನಿಲ್ಲಿಸು,
ಬೆಳಿಗ್ಗೆ ಎದ್ದು ಮೊದಲು ನೆಲ ನೋಡು,
ಆಮೇಲೆ ದೇವರ ಪಟ.
ಲಾರಿ ಬೆಲ್ಲದ ಮಂಡಿಯ ಕಡೆ ತಿರುಗಿತು.
ಅದು ನಿಂತಿದ್ದಲ್ಲಿ ಒದ್ದೆಯ ಬಿಲ್ಲೆಯೊಂದು
ಬಿಸಿಲಿಗೆ, ಅಂಚಿನಿಂದ ಒಳಕ್ಕೆ,
ಒಣಗುತ್ತಿತ್ತು.