ಹತ್ತು ಅಂಕದ ಪ್ರಶ್ನೆ

ಮೂವತ್ತೊಂದನೆಯ ಪೇಪರು. ಕೋಡಿಬಾಗದ ಕಡೆಯಿಂದ
ಕಾಳಿ ಸೇತುವೆ ದಾಟುವ ಲಾರಿಗಳ ಸದ್ದು.
ಹಿಂದಿನ ಮೂವತ್ತರಲ್ಲೂ ಒಂದೇ ಉತ್ತರ, ನಾನೇ ಬರೆಸಿದ್ದು:
ಉದಾರವಾದಿಗಳು ಕಾನೂನು ಬದಲಾಗಲಿ ಅನ್ನುತ್ತಾರೆ,
ಮಾರ್ಕ್ಸ್‌ವಾದಿಗಳು ಸಂಬಳವಿಲ್ಲದ ದುಡಿಮೆಯ ಲೆಕ್ಕ ಕೇಳುತ್ತಾರೆ,
ತೀವ್ರವಾದಿಗಳು ಮನೆಯ ಬಾಗಿಲನ್ನೇ ಕಿತ್ತು ನೋಡುತ್ತಾರೆ.
ತಲಾ ಎರಡೂವರೆ. ಮಿಕ್ಕದ್ದು ಉಪಸಂಹಾರಕ್ಕೆ.

ಇವಳು ಪ್ರಣಿತಾ ಹರಿಕಂತ್ರ, ಬಿ.ಎ. ಎರಡನೇ ವರ್ಷ,
ಕೊನೇ ಬೆಂಚು, ಮೊದಲ ಪೀರಿಯಡ್ಡಿಗೆ ಯಾವತ್ತೂ ತಡ.
ಪೀಠಿಕೆಯಿಲ್ಲ. ಶುರುವಾಗುವುದೇ ಹೀಗೆ:

"ನಮ್ಮ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಮ್ಮ.
ಮನೆಪಟ್ಟಿಯಲ್ಲಿ ಅಪ್ಪ.
ಅಕ್ಕಿಗೆ ಅವಳು, ಗೋಡೆಗೆ ಅವನು."

ಕೆಂಪು ಪೆನ್ನಿನ ಟೋಪಿ ತೆಗೆದವಳು ಹಾಗೇ ಕೂತೆ.

"ಅಮ್ಮ ಮೂರೂವರೆಗೆ ಎದ್ದು ಬೈತಖೋಲಕ್ಕೆ ಹೋಗುತ್ತಾಳೆ.
ಹರಾಜಿನಲ್ಲಿ ಗಂಡಸರಿಗಿಂತ ಗಟ್ಟಿ ಕೂಗುತ್ತಾಳೆ.
ದುಡ್ಡು ಅವಳ ಸೊಂಟದ ಸಂಚಿಯಲ್ಲೇ.
ಪುಸ್ತಕದ ಪ್ರಕಾರ ಅವಳು ಸ್ವತಂತ್ರಳು.
ಮಧ್ಯಾಹ್ನ ಇಸ್ವಾಣದ ನಡುತುಂಡು ಅಪ್ಪನಿಗೆ,
ತಲೆ ಅಣ್ಣನಿಗೆ, ಬಾಲ ನನಗೆ,
ತನಗೆ ಬರೀ ಸಾರು. ಯಾಕೆ ಅಂದರೆ
ಮಾರಿ ಮಾರಿ ಮೀನೇ ಬೇಡವಾಗಿದೆ ಅನ್ನುತ್ತಾಳೆ.
ಇದು ಸುಳ್ಳು ಮೇಡಂ. ಅಪ್ಪ ಬೋಟಿಗೆ ಹೋದ ವಾರ
ಅವಳೂ ನಾನೂ ಬಂಗಡೆ ಸುಟ್ಟು ತಿನ್ನುತ್ತೇವೆ, ಮುಳ್ಳೂ ಬಿಡದೆ.
ಹಾಗಂತ ಅಪ್ಪ ಕೆಟ್ಟವನಲ್ಲ. ಗಾಳಿ ಎದ್ದ ದಿನ
ದಂಡೆಯಲ್ಲಿ ನಿಂತು ಅವಳು ಉಗುರು ಕಚ್ಚುವುದು
ಯಾವ ವಾದದಲ್ಲಿ ಬರುತ್ತದೆ ಅಂತ ನೋಟ್ಸಿನಲ್ಲಿರಲಿಲ್ಲ.

ಅಪ್ಪನ ಚಿಕ್ಕಮ್ಮ ದುರ್ಗಿ ಗಂಡನ್ನ ಬಿಟ್ಟು ಬಂದವಳು.
ಮಾಜಾಳಿಯ ಆನಂದಿ, ಗಂಡ ಸತ್ತವಳು.
ಇಬ್ಬರದೂ ಒಂದೇ ಒಲೆ, ಒಂದೇ ಬುಟ್ಟಿ, ಇಪ್ಪತ್ತಾರು ವರ್ಷ.
ಜಗಳದ ದಿನ ಆಚೆ ಈಚೆ ಮುಖ ಮಾಡಿ ಊಟ.
ದುರ್ಗಿ ಆಸ್ಪತ್ರೆ ಸೇರಿದಾಗ ಆನಂದಿಯನ್ನು ಕೇಳಿದರಂತೆ,
ನೀನು ಇವಳಿಗೆ ಏನಾಗಬೇಕು?
ಮನೆಯವಳು, ಅಂದಳಂತೆ.
ಕುಟುಂಬದ ವ್ಯಾಖ್ಯೆ ಪುಟ ಹನ್ನೆರಡರಲ್ಲಿದೆ.
ಹುಡುಕಿದೆ. ಇವರು ಅಲ್ಲಿ ಇಲ್ಲ."

ಕೊನೆಯ ಎರಡು ಸಾಲು ಹೊಡೆದುಹಾಕಿದ್ದಾಳೆ.
ದೀಪಕ್ಕೆ ಹಿಡಿದರೆ ಓದಬಹುದು:
"ನಮ್ಮ ಅತ್ತೆ ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ.
ಗಂಡಹೆಂಡತಿ ಸರಿಸಮ ಇರುವ ಮನೆ ಅಂತ ಹೊಗಳುತ್ತಿರುತ್ತಾಳೆ."

ಹೌದು. ನನ್ನ ಗಂಡ ಚಹಾ ಮಾಡುತ್ತಾನೆ.
ತನ್ನ ಅಂಗಿಗೆ ತಾನೇ ಇಸ್ತ್ರಿ. ಪಾತ್ರೆಯ ಸಲುವಾಗಿ
ನಾವಿಬ್ಬರು ಒಮ್ಮೆಯೂ ಜಗಳವಾಡಿಲ್ಲ.
ಆ ಜಗಳದ ಜಾಗದಲ್ಲಿ ಶೇವಂತಿ ಕೂತಿದ್ದಾಳೆ,
ಹಿತ್ತಿಲ ನಲ್ಲಿಯ ಬುಡದಲ್ಲಿ, ಮಂಡಿ ಮಡಚಿ,
ತಿಂಗಳಿಗೆ ಒಂದೂವರೆ ಸಾವಿರಕ್ಕೆ.

ನಾನೇ ಮಾಡಿದ ಕೀ ಪ್ರಕಾರ ಈ ಉತ್ತರಕ್ಕೆ ನಾಲ್ಕು.
ಎಂಟು ಹಾಕಿದೆ. ಒಂಬತ್ತು ಮಾಡಿದೆ.
ಹೊಡೆದುಹಾಕಿದ ಸಾಲಿಗೆ ಅಂಕ ಕೊಡುವ ನಿಯಮವಿಲ್ಲ.

ರಾತ್ರಿ ಹನ್ನೊಂದಕ್ಕೆ ಹಿತ್ತಿಲ ಲೈಟು ಹಾಕಿ
ಕುಕ್ಕರು, ಹಾಲಿನ ಪಾತ್ರೆ, ತಳ ಹಿಡಿದ ಬಾಣಲೆ,
ಅವನ ತಟ್ಟೆ, ನನ್ನ ತಟ್ಟೆ, ಎಲ್ಲ ತೊಳೆದು ಬೋರಲು ಹಾಕಿದೆ.
ನಡು ಹಿಡಿಯಿತು. ಆದರೂ ಒಂದು ಉತ್ತರ
ಬರೆದು ಮುಗಿಸಿದ ಹಾಗಿತ್ತು.

ಬೆಳಿಗ್ಗೆ ಆರೂವರೆಗೆ ಶೇವಂತಿ ಬಂದು
ನಲ್ಲಿಯ ಬುಡ ನೋಡಿದಳು,
ಸಾಲಾಗಿ ಬೋರಲು ಬಿದ್ದದ್ದನ್ನು ನೋಡಿದಳು,
ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿದಳು.
"ಬಾಯೀ, ಬೇರೆ ಯಾರನ್ನಾದ್ರೂ ಇಟ್ಕಂಡ್ರಾ?"