ತಿಮಿಂಗಿಲಕ್ಕೆ ಕಟ್ಟಿದ ಜರಿ

ನಡುಮನೆಯ ಟೀವಿಯಲ್ಲಿ ತಿಮಿಂಗಿಲ
ಅರ್ಧ ಮೈ ತೋರಿಸಿ ಹೊರಳುವ ಹೊತ್ತಿಗೇ
ಕಪ್ಪು.
ಕರೆಂಟು ಹೋಗಿಲ್ಲ, ಫ್ಯಾನು ತಿರುಗುತ್ತಲೇ ಇದೆ.
ಮಗ್ಗದ ಪಕ್ಕದ ಗೂಡಿನಲ್ಲಿ ಒರಗಿಸಿಟ್ಟ ಫೋನು
(ನಮ್ಮ ಮೊಳಕಾಲ್ಮುರಿನ ಓಣಿಯಲ್ಲಿ
ಸಿಗ್ನಲ್ಲು ಇಳಿಯೋದು ಆ ಗೂಡೊಂದಕ್ಕೇ)
ಮೂವತ್ತು ಸೆಕೆಂಡು ಯಾರೂ ಮುಟ್ಟಲಿಲ್ಲವೆಂದು
ಕಣ್ಣು ಮುಚ್ಚಿಕೊಂಡಿದೆ, ಅಷ್ಟೆ.
ಅದು ಮುಚ್ಚಿದರೆ ಇದೂ ಮುಚ್ಚುತ್ತದೆ.

ಮುಟ್ಟೋದು ಯಾರು?
ನನ್ನ ಬಲಗೈ ರಾಟೆಗೆ, ಎಡಗೈ ಕಂಡಿಕೆಗೆ.
ಇವರ ಒಂದು ಕೈ ಲಾಳಿಗೆ, ಇನ್ನೊಂದು ಹಲಗೆಗೆ,
ಎರಡೂ ಕಾಲು ಕುಣಿಯೊಳಗೆ.
ದಿನಕ್ಕೆ ನೂರು ಸಲ ಎದ್ದು ಮುಟ್ಟುತ್ತಾ ಕೂತರೆ
ಯಾವ ಸೀರೆ, ಯಾವ ಕೂಲಿ?

ನಿನಗ್ಯಾಕೆ ಸಮುದ್ರ ಅಂತ ಇವರು ಕೇಳಲಿಲ್ಲ.
ನಾನು ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ,
ಅದೂ ದಿಬ್ಬಣದ ಲಾರಿಯಿಂದ,
ಅದೂ ತಲೆ ಬಗ್ಗಿಸಿಕೊಂಡು.

ಬೆಂಕಿಕಡ್ಡಿ ಕಟ್ಟಿ ನೋಡಿದರು ಹಲಗೆಗೆ.
ರಬ್ಬರು ಕಟ್ಟಿದರು. ಒಂದು ಸಲ ಬದನೆಕಾಯಿ ತೊಟ್ಟು.
ಫೋನು ಮಿಸುಕಲಿಲ್ಲ.
"ಇದಕ್ಕೆ ಜೀವ ಇರೋದೇ ತಾಗಬೇಕು ಕಣೇ."
ಆಮೇಲೆ ದೀಪದ ಬತ್ತಿ ಒದ್ದೆ ಮಾಡಿ, ಜರಿ ಸುತ್ತಿ,
ಜರಿಯ ಇನ್ನೊಂದು ತುದಿ ತಮ್ಮ ಮಣಿಕಟ್ಟಿಗೆ.
ಪ್ಲಾಸ್ಟಿಕ್ ಜರಿಗೆ ಒಪ್ಪಲಿಲ್ಲ.
ಅಸಲಿಗೆ ಒಪ್ಪಿತು.
ಸೀರೆ ಕೊಳ್ಳುವವರು ಉಜ್ಜಿ ಉಜ್ಜಿ ನೋಡಿದರೂ ತಿಳಿಯದ್ದು
ಒಂದು ಚೂರು ಗಾಜಿಗೆ ತಿಳಿಯಿತು!

ಹಲಗೆ ಬಡಿದಾಗೆಲ್ಲ ಬತ್ತಿ ತೂಗಿ ಹೋಗಿ
ಫೋನಿನ ಮೂಲೆಗೆ ಮೂಗು ತಾಗಿಸಿ ಬರುತ್ತದೆ,
ಕರು ತಾಯಿಯ ಪಕ್ಕೆಗೆ ತಾಗಿಸಿದ ಹಾಗೆ.
ಕಟಕ್, ನೀರು. ಕಟಕ್, ನೀರು.
ಇವರು ನೇಯ್ದಷ್ಟು ದೂರ ನನ್ನ ಸಮುದ್ರ.

ಕತ್ತಲೆಯನ್ನು ಓದಲು ಕಲಿತೆ.
ಸಣ್ಣ ಕಪ್ಪು: ಎಳೆ ಕಡಿದಿದೆ, ಗಂಟು ಹಾಕುತ್ತಿದ್ದಾರೆ.
ಅದಕ್ಕಿಂತ ಉದ್ದ: ಬೀಡಿ.
ಒಂದು ಮಧ್ಯಾಹ್ನ ಕಪ್ಪು ಬೆಳೆಯುತ್ತಲೇ ಹೋಯಿತು.
ಎದ್ದು ಹೋದೆ.
ಲಾಳಿ ತೊಡೆಯ ಮೇಲಿತ್ತು. ಬೆನ್ನು ಹಿಡಿದು
ಅತ್ತ ಇತ್ತ ತಿರುಗಲಾರದೆ ಕೂತಿದ್ದರು,
ಕೂಗಿರಲಿಲ್ಲ.
ನೀಲಗಿರಿ ಎಣ್ಣೆ ಹಚ್ಚುತ್ತಾ ಬೈದೆ.
"ನಿನ್ನ ಮೀನು ನಿಂತಿತಾ?" ಅಂದರು.
ಮೀನಲ್ಲ ಅದು, ಅಂದೆ. ಮೊಲೆ ಕುಡಿಸುತ್ತೆ.

ತಿಪ್ಪೇಶಿ ಬಂದವನು ಬತ್ತಿ, ಜರಿ, ಮಣಿಕಟ್ಟು ನೋಡಿ
ಹೊಟ್ಟೆ ಹಿಡಿದು ನಕ್ಕ.
"ಅಕ್ಕಾ, ಇಷ್ಟಕ್ಕೆ ಇಷ್ಟೊಂದಾ?"
ಬೆರಳು ನಾಲ್ಕು ಕಡೆ ಒತ್ತಿತು.
ಸ್ಕ್ರೀನ್ ಆರುವುದು ಯಾವಾಗ ಎಂಬಲ್ಲಿ
ಮೂವತ್ತು ಸೆಕೆಂಡು ಅಳಿಸಿ
'ಎಂದಿಗೂ ಇಲ್ಲ' ಎಂದು ಬರೆಸಿದ.
ಚಾರ್ಜರು ಚುಚ್ಚಿಟ್ಟ, ಟೀ ಕುಡಿದು ಹೋದ.
ಇವರು ಮಣಿಕಟ್ಟು ಉಜ್ಜಿಕೊಂಡರು,
ಗಡಿಯಾರ ಬಿಚ್ಚಿದವರ ಹಾಗೆ.

ಆವತ್ತು ಸಮುದ್ರ ಒಮ್ಮೆಯೂ ಆರಲಿಲ್ಲ.
ತಾಯಿ ತಿಮಿಂಗಿಲ ಮರಿಯನ್ನು ಬೆನ್ನ ಮೇಲೆತ್ತಿ
ಉಸಿರಿಗೆಂದು ಮೇಲಕ್ಕೆ ತಂದದ್ದನ್ನು ಪೂರ್ತಿ ನೋಡಿದೆ.
ಅಂಥದ್ದನ್ನು ಹುಟ್ಟಿದ ಮೇಲೆ ನೋಡಿರಲಿಲ್ಲ.
ಹದಿನೆಂಟು ಕಂಡಿಕೆ ಮುಗಿದಿದ್ದವು.
ಕೊಡಲು ಎದ್ದಾಗ
ಮಗ್ಗದ ಸದ್ದು ನಿಂತಿದ್ದು ಗೊತ್ತಾಯಿತು.
ಯಾವಾಗ ನಿಂತಿತೋ.
ನಾಲ್ಕಕ್ಕೆ ಇಟ್ಟ ಟೀ ಕೆನೆಗಟ್ಟಿ ಅಲ್ಲೇ ಇತ್ತು.
ಗೋಡೆಗೊರಗಿ ಮಲಗಿದ್ದರು, ನಿದ್ದೆಯೇ, ಬರೀ ನಿದ್ದೆ,
ಮೂಗಿನ ಹತ್ತಿರ ಬೆರಳು ಹಿಡಿದು ಖಾತ್ರಿ ಮಾಡಿಕೊಂಡೆ.
ಹಿಂದೆ ನಡುಮನೆಯಲ್ಲಿ
ನೀರು ಬೆಳ್ಳಗೆ ಬೆಳಗುತ್ತಲೇ ಇತ್ತು,
ಯಾರ ಹಂಗೂ ಇಲ್ಲದೆ.

ರಾತ್ರಿ ಕನ್ನಡಕ ಹಾಕಿಕೊಂಡು
ತಿಪ್ಪೇಶಿಯ ಬೆರಳು ಹೋದ ದಾರಿ ಹುಡುಕಿದೆ.
ಎರಡು ಸಲ ತಪ್ಪಿ ಗಡಿಯಾರ ಬಡಿಯಿತು,
ಒಂದು ಸಲ ಯಾರಿಗೋ ಫೋನು ಹೋಯಿತು.
ಕೊನೆಗೆ ಸಿಕ್ಕಿತು.

ಬೆಳಿಗ್ಗೆ ಟೀವಿ ಕಪ್ಪಾದಾಗ
ಇವರು ಫೋನು ನೋಡಿದರು, ನನ್ನನ್ನು ನೋಡಿದರು.
"ಬತ್ತಿ ಎಲ್ಲಿಟ್ಟೆ?" ಅಂತ ಮಾತ್ರ ಕೇಳಿದರು.

ಮುಂದಿನ ವಾರ ತಿಪ್ಪೇಶಿ: "ಅಯ್ಯೋ, ಮತ್ತೆ ಕೆಟ್ಟಿತಾ ಅಕ್ಕಾ?"
ಹೌದಪ್ಪ, ಹಾಳಾದ್ದು ನಿಲ್ಲೋದೇ ಇಲ್ಲ,
ಹಳೇ ಫೋನು ನೋಡು, ಅಂದೆ.